ಮೊನ್ನಿ ಕಂಡ ಎರ್ಲಡ್ಡು

ಎಲ್ಲರೂ ‘ಇಲ್ಲ’ ಎಂದರು. ಅದೂ ಒಂದೇ ಮಾತಿನಲ್ಲಿ, ಒಂದೇ ರಾಗದಲ್ಲಿ, ಶಾಲೆಯ ಮಕ್ಕಳು ಪ್ರಾರ್ಥನೆ ಒಪ್ಪಿಸಿದ ಹಾಗೆ: “ಹಂತಾ ಹಕ್ಕಿ ನಮ್ಮ ಗಾಯರಾಣದಾಗ ಇಲ್ಲರಿ, ನಾವು ನೋಡೇ ಇಲ್ಲರಿ.”

ಮೊದಲನೆಯವಳು ಹೇಳಿದಾಗ ನಂಬಿದೆ. ಎರಡನೆಯವಳು ಹೇಳಿದಾಗ ತಲೆಯಾಡಿಸಿದೆ. ಆಮೇಲೆ ಬಂದ ಒಬ್ಬ ತಲೆಯ ಮೇಲಿನ ಸಿಮೆಂಟಿನ ಬುಟ್ಟಿಯನ್ನೂ ಇಳಿಸದೆ ಅದನ್ನೇ ಹೇಳಿ ಮುಂದೆ ಹೋದಾಗ ನನಗೆ ಗುಮಾನಿ ಹುಟ್ಟಿತು. ಅವನಿಗೆ ನಾನಿನ್ನೂ ಚಿತ್ರ ತೋರಿಸಿರಲಿಲ್ಲ. ಯಾವ ಹಕ್ಕಿ ಅಂತಲೂ ಕೇಳಿರಲಿಲ್ಲ.

ಮಾಧಾಪುರದ ಬಂಡೆಗಳನ್ನು ಸೀಳಿ ಸಾಫ್ಟ್‌ವೇರ್ ಕಂಪನಿಗೆಂದು ಒಂದು ಗಾಜಿನ ಕಟ್ಟಡ ಏಳುತ್ತಿತ್ತು. ಅದರ ಬುಡದಲ್ಲಿ ತಗಡಿನ ಶೆಡ್ಡುಗಳ ಸಾಲು. ಅಲ್ಲಿದ್ದವರೆಲ್ಲ ಯಾದಗಿರಿ ಕಡೆಯ ಮಳಗೇರಾ ಎಂಬ ಊರಿನವರು. ಊರಿನ ದುಡಿಯುವ ಕೈಗಳೆಲ್ಲ ಇಲ್ಲಿ, ಊರಿನ ಕುರಿಗಳು ಮತ್ತು ಅವನ್ನು ಕಾಯುವಷ್ಟು ಜನ ಮಾತ್ರ ಅಲ್ಲಿ.

ನಾನು ಕೆಲಸಕ್ಕಿದ್ದ ಪಕ್ಷಿ ಅಧ್ಯಯನದ ಕಚೇರಿ ಹಿಮಾಯತ್‌ನಗರದಲ್ಲಿ, ಒಂದು ಸೀರೆ ಅಂಗಡಿಯ ಮೇಲೆ. ಎರೆನೆಲದ ದೊಡ್ಡ ಹಕ್ಕಿ ಎರ್ಲಡ್ಡು ನಮ್ಮ ಭಾಗದಲ್ಲಿ ಇನ್ನೂ ಉಳಿದಿದೆಯೋ ಇಲ್ಲವೋ, ಉಳಿದಿದ್ದರೆ ಎಲ್ಲಿ ಎಂಬುದನ್ನು ತೀರ್ಮಾನಿಸುವ ಕೆಲಸ ನಮ್ಮ ಮುಖ್ಯಸ್ಥ ಅರವಿಂದ್ ಸರ್ ಪಾಲಿಗೆ ಬಂದಿತ್ತು. ಗೋಡೆಯ ಮೇಲೊಂದು ನಕ್ಷೆ ತೂಗಿತ್ತು. ಈಚೆಗೆ ಹಕ್ಕಿ ಕಂಡ ಜಾಗಕ್ಕೆ ಕೆಂಪು ಚುಕ್ಕಿ. ಹಿಂದೊಮ್ಮೆ ಕಂಡು ಈಗ ಕಾಣದ ಜಾಗಕ್ಕೆ ಖಾಲಿ ಉಂಗುರ. ಕೆಂಪು ಅಂದರೆ ‘ಇದೆ’, ಉಂಗುರ ಅಂದರೆ ‘ಇತ್ತು’. ನಕ್ಷೆಯ ತುಂಬ ಉಂಗುರಗಳೇ ಇದ್ದವು, ಯಾರೋ ಬಳೆ ಒಡೆಯದೆ ಚೆಲ್ಲಿ ಹೋದ ಹಾಗೆ.

ಮಳಗೇರಾದ ಗಾಯರಾಣಕ್ಕೆ, ಅಂದರೆ ಊರವರು ಕುರಿ ಮೇಯಿಸುವ ಹುಲ್ಲುಗಾವಲಿಗೆ, ಸರ್ ಒಮ್ಮೆ ಹೋಗಿಬಂದಿದ್ದರು. ಹಕ್ಕಿ ಕಂಡಿರಲಿಲ್ಲ. ಆದರೆ ಹುಲ್ಲು ಚೆನ್ನಾಗಿದೆ, ನೆಲ ವಿಶಾಲವಾಗಿದೆ, ಇರಬೇಕಾದಂಥ ಜಾಗ ಎಂದು ಅವರಿಗೆ ಆಸೆ.

“ಊರಿಗೆ ಹೋದರೆ ಕೇಳೋಕೆ ಜನವೇ ಸಿಗಲ್ಲ, ಸುಹಾಸಿನಿ,” ಎಂದರು ಸರ್. ಅವರದು ಬೆಂಗಳೂರಿನ ಕನ್ನಡ. “ಇಡೀ ಊರು ಇಲ್ಲಿ ಮಾಧಾಪುರದಲ್ಲಿ ಕಾಂಕ್ರೀಟ್ ಹೊರ್ತಿದೆ. ಇಲ್ಲೇ ಕೇಳಿ. ನಿಮ್ಮ ಕನ್ನಡ ಅವರಿಗೆ ಹತ್ತಿರ. ಯಾರಾದರೂ ಒಬ್ಬರು ಈಚೆಗೆ ನೋಡಿದ್ದೀನಿ ಅಂದರೆ ಸಾಕು, ಆ ಗಾಯರಾಣಕ್ಕೆ ಪೂರ್ತಿ ಬೇಲಿ ಹಾಕಿಸೋಕೆ ಶಿಫಾರಸು ಮಾಡ್ತೀನಿ. ಒಂದು ಕುರಿಯ ಗೊರಸೂ ಒಳಗೆ ಬೀಳಬಾರದು.”

ನನಗೂ ಅದೇ ಬೇಕಿತ್ತು. ಎರ್ಲಡ್ಡುವನ್ನು ನಾನು ಕಣ್ಣಾರೆ ಕಂಡವಳಲ್ಲ, ಆದರೆ ಅದರ ಜೊತೆಗೇ ಬೆಳೆದವಳು. ನಮ್ಮಪ್ಪ ರಕ್ಷಣಾ ಕಾರ್ಖಾನೆಯಲ್ಲಿ ಫಿಟ್ಟರ್. ಕ್ವಾರ್ಟರ್ಸಿನ ಒಂದು ಕೋಣೆಯಲ್ಲಿ ನಾನು ಮತ್ತು ಗದಿಗೆಮ್ಮ ಅಜ್ಜಿ. ಅಜ್ಜಿಯ ಕತೆಯಲ್ಲಿ ಒಂದು ಮೋಡ ಎರೆಹೊಲಗಳ ಮೇಲೆ ಹಾದು ಹಾದು ದಣಿಯುತ್ತದೆ. ‘ನನ್ನ ಗುಡುಗು ಭಾರ ಆಗೈತಿ, ಸ್ವಲ್ಪ ಹಿಡಕೋ ತಮ್ಮಾ, ಈಗ ಬಂದೆ’ ಎಂದು ಎರ್ಲಡ್ಡುವಿನ ಕೈಗೆ ಗುಡುಗನ್ನು ಕೊಟ್ಟು ಹೋಗುತ್ತದೆ. ಹಕ್ಕಿಗೆ ಕೈ ಎಲ್ಲಿ? ಗಂಟಲಲ್ಲಿ ಇಟ್ಟುಕೊಂಡಿತು. ಮೋಡ ಮರೆತೇ ಹೋಯಿತು. ಅದಕ್ಕೇ ಮುಂಗಾರಿನ ಹೊತ್ತಿಗೆ ಗಂಡು ಎರ್ಲಡ್ಡು ಕೊರಳನ್ನು ಊದಿಸಿ, ಜೋಳಿಗೆಯ ಹಾಗೆ ಇಳಿಬಿಟ್ಟು, ‘ಹ್ಞೂಂ’ ಎಂದು ಗುಡುಗನ್ನು ವಾಪಸು ಕರೆಯುತ್ತದೆ. ಅಜ್ಜಿ ಕೆನ್ನೆ ಊದಿಸಿ ಆ ‘ಹ್ಞೂಂ’ ತೆಗೆದಾಗ ಪಕ್ಕದ ಮನೆಯ ತೆಲುಗು ಆಂಟಿ ಕುಕ್ಕರ್ ಕೂಗಿತೆಂದು ಒಳಗೆ ಓಡುತ್ತಿದ್ದರು.

“ತಲಿಮ್ಯಾಲ ಕರೀ ಟೊಪ್ಪಿಗಿ, ಬಿಳೀ ಕೊಳ್ಳ, ನಡಿಗಿ ನೋಡಿದ್ರ ಥೇಟ್ ತಹಸೀಲ್ದಾರ,” ಎನ್ನುತ್ತಿದ್ದಳು ಅಜ್ಜಿ.

ನನ್ನ ಜೊತೆ ಓದಿದವರೆಲ್ಲ ಅಮೀರ್‌ಪೇಟೆಯಲ್ಲಿ ಜಾವಾ ಕಲಿಯುತ್ತಿದ್ದಾಗ ನಾನು ಆ ತಹಸೀಲ್ದಾರನನ್ನು ಹುಡುಕುವ ಕೆಲಸಕ್ಕೆ ಸೇರಿದೆ. ಯಾವ ಕಂಪನಿ ಎಂದು ಯಾರಾದರೂ ಕೇಳಿದರೆ ಅವ್ವ ‘ಸರ್ವೇ ಕಂಪನಿ’ ಎಂದು ಹೇಳಿ ಬೇಗ ಚಹಾಕ್ಕೆ ಇಡುತ್ತಿದ್ದಳು.

ಶೆಡ್ಡಿನವರಿಗೆ ಇಂಥದ್ದೊಂದು ಕೆಲಸ ಇದೆಯೆಂದೇ ನಂಬಿಕೆಯಾಗಲಿಲ್ಲ.

“ಹಕ್ಕಿ ಐತಿ ಇಲ್ಲ ಅಂತ ಕೇಳಾಕ ಪಗಾರ ಕೊಡ್ತಾರೇನ್ರೀ ಮೇಡಮ್ಮಾರ?” ಎಂದು ಕೇಳಿದವಳು ಯಂಕಮ್ಮ. ಬುಟ್ಟಿ ಹೊರುವ ಹೆಂಗಸರಿಗೆಲ್ಲ ಅವಳೇ ಹಿರಿಯಳು. ಸೆರಗನ್ನು ಸಿಂಬಿ ಸುತ್ತಿಕೊಂಡು ಮರಳಿನ ಗುಡ್ಡೆಯ ಮೇಲೆ ಕೂತಿದ್ದಳು.

“ಕೊಡ್ತಾರ.”

“ಹಂಗಾರ ಗುಬ್ಬಿ ಕೇಳ್ರಿ, ಕಾಗಿ ಕೇಳ್ರಿ, ಬೇಕಾದಷ್ಟ ಹೇಳ್ತೀವಿ. ನಮಗೂ ಒಂದೀಟ ಪಗಾರ ಹಚ್ಚಸ್ರಿ.” ಹೆಂಗಸರು ನಕ್ಕರು. ಯಂಕಮ್ಮ ನಗಲಿಲ್ಲ. “ಖರೆ ಹೇಳ್ರಿ. ಯಾವ ಇಲಾಖೆಯವರು ನೀವು? ಫಾರೆಸ್ಟಾ, ಸರ್ವೇನಾ?”

“ಎರಡೂ ಅಲ್ಲ ಯಂಕಮ್ಮಕ್ಕಾ. ಬರೇ ಹಕ್ಕಿ ನೋಡೂ ಮಂದಿ.”

“ಹಕ್ಕಿ ಇಷ್ಟ ನೋಡಿ ಸುಮ್ಮನ ಹೋಗೂ ಮಂದೀನ ನಾ ಎಲ್ಲೂ ನೋಡಿಲ್ಲ,” ಎಂದಳು. ಆಮೇಲೆ ನನ್ನ ಕೈಯಲ್ಲಿದ್ದ ಚಿತ್ರವನ್ನು ವಾರೆಗಣ್ಣಲ್ಲಿ ನೋಡಿ, “ನಮಗೇನ್ ಗೊತ್ತರೀ ಇದು. ವರ್ಷಕ್ಕ ಒಂದ ತತ್ತಿ ಇಡೂ ಹಕ್ಕಿ, ಅದೂ ಬರೇ ನೆಲದ ಮ್ಯಾಲ. ಎಲ್ಲಿ ಬದುಕ್ತೈತಿ?” ಎಂದಳು.

ನೋಡೇ ಇಲ್ಲದ ಹಕ್ಕಿಯ ತತ್ತಿಯ ಲೆಕ್ಕ ಇವಳಿಗೆ ಹೇಗೆ ಗೊತ್ತು? ನಾನು ಮುಖ ಎತ್ತುವಷ್ಟರಲ್ಲಿ ಅವಳ ತುಟಿ ಬಿಗಿದಿತ್ತು. ಅವಳ ಹಿಂದೆ ಕಬ್ಬಿಣದ ಸರಳುಗಳ ಪಕ್ಕದಲ್ಲಿ ಮೇಸ್ತ್ರಿ ಭೀಮಾಶಂಕರ ನಿಂತಿದ್ದ. ಅವನೂ ಮಳಗೇರಾದವನೇ, ಇವರನ್ನೆಲ್ಲ ಇಲ್ಲಿಗೆ ಕರೆತಂದವನು. ನಾನು ಯಾರನ್ನು ಮಾತಾಡಿಸಿದರೂ ಅಲ್ಲಿ ಬಂದು ನಿಲ್ಲುತ್ತಿದ್ದ, ಏನೂ ಕೆಲಸವಿಲ್ಲದೆ ಹಗ್ಗದ ಗಂಟು ಬಿಚ್ಚಿ ಕಟ್ಟುತ್ತಿದ್ದ.

ಹಕ್ಕಿ ಅಲ್ಲಿದೆ, ಇವರು ಅಡಗಿಸುತ್ತಿದ್ದಾರೆ ಎಂದು ನನಗೆ ಆ ದಿನವೇ ಖಾತ್ರಿಯಾಯಿತು.

ಮರುದಿನ ಭೀಮಾಶಂಕರನ ಕಣ್ಣು ತಪ್ಪಿಸಿ ಹಿಂದಿನ ಗೇಟಿಗೆ ಹೋದೆ. ಅಲ್ಲಿ ಯಂಕಮ್ಮನ ಅಪ್ಪ ಲಿಂಗಣ್ಣಜ್ಜ ಕಾವಲಿಗೆ ಕೂತಿದ್ದ. ಸೆಕ್ಯೂರಿಟಿಯವರು ಕೊಟ್ಟ ನೀಲಿ ಅಂಗಿ ಅವನ ಮೈಮೇಲೆ ಗೋಡೆಗೆ ಒಣಹಾಕಿದಂತೆ ಜೋತಾಡುತ್ತಿತ್ತು. ತಲೆಗೆ ಮಾತ್ರ ಅವನದೇ ರುಮಾಲು. ಚಿತ್ರ ತೋರಿಸಿದೆ. ಅಜ್ಜನ ಮುಖ ಅರಳಿತು.

“ಎಲಾ ಇದರ! ಎರ್ಲಡ್ಡು! ಮೊನ್ನಿ ನೋಡೀನಲ್ಲ ತಂಗಿ!”

ನಾನು ನೋಟ್‌ಬುಕ್ ಬಿಚ್ಚಿದೆ. “ಎಲ್ಲಿ ಅಜ್ಜಾರ?”

“ನಮ್ಮ ಗಾಯರಾಣದಾಗ. ಗಂಡು ಅದು. ಹಿಂಗ ನಿಂತಿತ್ತ ನೋಡು.” ಕುರ್ಚಿಯಿಂದ ಎದ್ದು, ಎದೆಯುಬ್ಬಿಸಿ, ರುಮಾಲಿನ ಚುಂಗನ್ನು ಗದ್ದದ ಕೆಳಗೆ ಇಳಿಬಿಟ್ಟು ಕುಣಿದೇ ತೋರಿಸಿದ. “ಕೊಳ್ಳ ಇಲ್ಲೀತನಾ ಜೋತ ಬಿದ್ದಿತ್ತು. ಬಾಲ ಬೀಸಣಕಿ ಹಂಗ ಮ್ಯಾಲೆ. ಆಮ್ಯಾಲ ಹ್ಞೂಂ ಅಂತು, ನನ್ನ ಎದಿಯಾಗ ಬಡದಂಗಾತು.”

“ಯಾವಾಗ ಅಜ್ಜಾರ?”

“ಹೇಳಿದೆನಲ್ಲ, ಮೊನ್ನಿ. ಕಾರಹುಣ್ಣಿಮಿ ಮುಂದ. ನಾಕ ಹನಿ ಮಳಿ ಬಿದ್ದಿತ್ತು.”

“ಈ ಕಾರಹುಣ್ಣಿಮಿಗೆ ಊರಿಗೆ ಹೋಗಿದ್ರೇನು?”

“ಹೋಗಲಾರದ ಇರ್ತೀನೇನು? ಎತ್ತು ಇಲ್ಲಂದ್ರೂ ಹಬ್ಬ ಐತೆಲ್ಲ.”

ಅಷ್ಟರಲ್ಲಿ ಭೀಮಾಶಂಕರ ಓಡುತ್ತಾ ಬಂದ. “ಮೇಡಂ, ಅಜ್ಜನ ಮಾತ ಮನಸಿಗೆ ಹಚ್ಕೋಬ್ಯಾಡ್ರಿ. ವಯಸಾಗೈತಿ, ಮಾತು ಎಲ್ಲಿಂದೆಲ್ಲಿಗೋ ಹೋಗ್ತೈತಿ.”

“ಯಾರಿಗೋ ವಯಸ್ಸಾಗೈತಿ? ನಿಮ್ಮಪ್ಪನ ಲಗ್ನದಾಗ ಹಲಗಿ ಬಾರಿಸೀನಿ ನಾನು,” ಎಂದ ಅಜ್ಜ.

ಭೀಮಾಶಂಕರ ನನ್ನನ್ನು ಬಸ್ ಸ್ಟಾಪಿನವರೆಗೆ ಬಿಡದೆ ಹಿಂಬಾಲಿಸಿದ. ಕೂಕಟ್‌ಪಲ್ಲಿಯ ಕಡೆ ಹೋಗುವ ಬಸ್ಸುಗಳು ಒಂದರ ಹಿಂದೊಂದು ತುಂಬಿಕೊಂಡು ಹೋಗುತ್ತಿದ್ದವು. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಹುಡುಗರ ನಡುವೆ ನಿಂತು ಅವನು ತಗ್ಗಿದ ದನಿಯಲ್ಲಿ ಕೇಳಿದ, “ಬರ್ಕೊಂಡ್ರೇನ್ರೀ?”

“ಬರ್ಕೊಂಡೆ.”

“ಅಳಿಸ್ರಿ. ನಮ್ಮ ಪಕ್ಕದ ಊರಾಗೂ ಹಿಂಗ ಬಂದಿದ್ರು. ಚಿಗರಿ ಅದಾವೇನ್ರಪ್ಪಾ ಅಂತ ಕೇಳಿದ್ರು. ಅವರು ಎದಿ ಉಬ್ಬಿಸಿ ಅದಾವ್ರಿ ಅಂದ್ರು. ಈಗ ಬೇಲಿ ಹೊರಗ ನಿಂತು ಕುರಿ ಒದರ್ತಾವ, ಒಳಗ ಚಿಗರಿ ಮೇಯ್ತಾವ. ಕುರಿ ಮಾರಿ ಅವರೂ ಇಲ್ಲೇ ಬಂದಾರ, ಗಚ್ಚಿಬೌಲಿಯಾಗ ಕಲ್ಲ ಒಡಿತಾರ. ನಮಗ ಉಳದದ್ದ ಆ ಗಾಯರಾಣ ಒಂದ. ಊರಾಗ ಮುದುಕರ ಹೊಟ್ಟಿ ನಡಿಯೂದ ಅದರ ಮ್ಯಾಲ.”

“ಹಕ್ಕಿ ಇದ್ರ ಇಲ್ಲ ಅಂತ ಹೆಂಗ ಬರೀಲಿ ಅಣ್ಣಾ?”

“ಇಲ್ಲರೀ! ನಾವು ಖರೇನ ಹೇಳಾಕತ್ತೀವಿ.”

ಅಜ್ಜಿಯ ಕತೆಗಳಲ್ಲಿ ಕೇಳದೆಯೇ ‘ಖರೇನ ಹೇಳ್ತೀನಿ’ ಎನ್ನುವವನು ಯಾವಾಗಲೂ ಕಳ್ಳನೇ ಆಗಿರುತ್ತಾನೆ. ಕುರಿಯ ಮಾತು ಕೇಳಿ ಬಂದ ಬಸ್ಸೊಂದನ್ನು ಹತ್ತದೆ ಬಿಟ್ಟೆ, ನಿಜ. ಆದರೂ ಬಸ್ಸು ಹತ್ತಿದ ಮೇಲೆ ಕಿಟಕಿಯಾಚೆ ಕಂಡದ್ದು ಎರೆನೆಲ, ನಾಲ್ಕು ಹನಿ ಮಳೆ, ಗುಡುಗನ್ನು ಗಂಟಲಲ್ಲಿಟ್ಟುಕೊಂಡು ಕಾಯುತ್ತಿರುವ ಹಕ್ಕಿ.

ಅರವಿಂದ್ ಸರ್ ನನ್ನ ಮಾತನ್ನು ಎರಡು ಸಲ ಕೇಳಿಸಿಕೊಂಡರು. “ಕಾರಹುಣ್ಣಿಮೆ ಅಂದರೆ ಈ ಜೂನ್. ಊರಲ್ಲೇ ಇದ್ದರು. ಗಂಡು, ಕುಣೀತಿತ್ತು!” ಕುರ್ಚಿಯ ಮೇಲೆ ಹತ್ತಿ ಮಳಗೇರಾದ ಮೇಲೆ ಕೆಂಪು ಸ್ಟಿಕ್ಕರ್ ಅಂಟಿಸಿದರು. ಅಂಟಿಸಿದ ಮೇಲೂ ಬೆರಳನ್ನು ತೆಗೆಯಲಿಲ್ಲ. “ಸೋಮವಾರದ ಸಭೆಯಲ್ಲಿ ಎಲ್ಲ ರಾಜ್ಯದವರೂ ಇರ್ತಾರೆ. ನಮ್ಮ ಭಾಗದಿಂದ ಹೋಗೇಬಿಟ್ಟಿದೆ ಅಂತ ಷರಾ ಬರೆಯೋಕೆ ಕಾಯ್ತಿದ್ದಾರೆ. ಬರೀಲಿ ನೋಡೋಣ.” ಕಾಲೇಜಿನ ದಿನಗಳಲ್ಲಿ ಅವರು ಒಂದೇ ಒಂದು ಎರ್ಲಡ್ಡು ನೋಡಿದ್ದರಂತೆ, ಲಾರಿಯ ಮೇಲಿಂದ, ದೂರದಲ್ಲಿ. ಅದು ಹಕ್ಕಿಯೋ ಹುಲ್ಲಿನ ಕಂತೆಯೋ ಎಂದು ಸ್ನೇಹಿತರು ಇನ್ನೂ ಚೇಷ್ಟೆ ಮಾಡುತ್ತಾರಂತೆ.

ಶನಿವಾರ ಲಿಂಗಣ್ಣಜ್ಜ ಸೈಟಿನ ಫೋನಿನಿಂದ ಕಚೇರಿಗೆ ಫೋನು ಮಾಡಿಸಿದ. “ತಂಗೀ, ನಾಳಿ ಐತವಾರ ನಮ್ಮ ಮೊಮ್ಮಗಳ ಕುಬಸ ಐತಿ. ಊರಿಗೆ ಹೋಗಾಕ ರಜಾ ಸಿಗಲಿಲ್ಲ, ಇಲ್ಲೇ ಶೆಡ್ಡಿನಾಗ ಮಾಡಾಕತ್ತೀವಿ. ನೀ ಬರಬೇಕು.”

ಕುಬಸ ಅಂದರೆ ಬಸುರಿಗೆ ತವರಿನವರು ಖಣ ಕೊಟ್ಟು, ಬಳೆ ತೊಡಿಸಿ, ಉಡಿ ತುಂಬುವ ಶಾಸ್ತ್ರ. ಬರಿಗೈಲಿ ಹೋಗುವ ಹಾಗಿಲ್ಲ. ಸುಲ್ತಾನ್ ಬಜಾರಿನ ಗದ್ದಲದಲ್ಲಿ ನುಗ್ಗಿ ಹಸಿರು ಅಂಚಿನ ಖಣವೊಂದನ್ನು ಕೊಂಡೆ. ಅಜ್ಜ ನನ್ನನ್ನೇಕೆ ಕರೆದ? ಅವನ ಬಾಯಲ್ಲಿ ಭೀಮಾಶಂಕರ ಕರೆಸಿದನೇ? ಊಟದ ನಡುವೆ ಹಕ್ಕಿಯ ಮಾತನ್ನು ಹಿಂತೆಗೆಸುವ ಹುನ್ನಾರವೇ? ನನಗೂ ಒಂದು ಹುನ್ನಾರವಿತ್ತು, ಸುಳ್ಳೇಕೆ: ಹಕ್ಕಿಯನ್ನು ಕಂಡ ಜಾಗ ಯಾವುದೆಂದು ಅಜ್ಜನಿಂದ ಇನ್ನಷ್ಟು ನಿಖರವಾಗಿ ಹೊರಡಿಸಬೇಕಿತ್ತು.

ನಾನು ಖಣ ಕೊಟ್ಟಾಗ ಹೆಂಗಸರು ಅದನ್ನು ಬಿಡಿಸಿ, ಬೆಳಕಿಗೆ ಹಿಡಿದು ನೋಡಿದರು.

“ಒಳಗ ಏನರ ಬರದೈತೇನ ನೋಡವಾ,” ಎಂದಳು ಒಬ್ಬಳು.

“ಸಹಿ ಮಾಡ್ರಿ ಅಂದ್ರ ಮಾಡಬ್ಯಾಡ ಮತ್ತ,” ಎಂದಳು ಇನ್ನೊಬ್ಬಳು.

ಯಂಕಮ್ಮ ಅವರನ್ನು ಗದರಿಸಿ ನನಗೊಂದು ಮಣೆ ಹಾಕಿದಳು. ಅವಳ ಮಗಳು ದಾನೇಶ್ವರಿ ಹಸಿರು ಸೀರೆಯುಟ್ಟು ಸಿಮೆಂಟಿನ ಚೀಲಗಳ ಮೇಲೆ ಹಾಸಿದ ಕಂಬಳಿಯ ಮೇಲೆ ಕೂತಿದ್ದಳು. ತುಂಬಿದ ಹೊಟ್ಟೆ, ಬೆವೆತ ಮೂಗುತಿ. ಬಳೆ ತೊಡಿಸುವಾಗ ಹೆಂಗಸರು ಸೋಬಾನೆ ಎತ್ತಿಕೊಂಡರು. ಮೇಲೆ ಹತ್ತನೆಯ ಮಾಳಿಗೆಯಲ್ಲಿ ಗಾಜು ಕೂರಿಸುವವರ ಡ್ರಿಲ್ಲಿಂಗ್ ಸದ್ದು ಬಂದಾಗಲೆಲ್ಲ ಹಾಡು ನಿಂತು, ಸದ್ದು ನಿಂತಾಗ ಬಿಟ್ಟ ಜಾಗದಿಂದಲೇ ಮುಂದುವರಿಯುತ್ತಿತ್ತು.

ಲಿಂಗಣ್ಣಜ್ಜ ಬಾಗಿಲಲ್ಲಿ ನಿಂತು ಮೊಮ್ಮಗಳನ್ನು ನೋಡಿದ. ಕಣ್ಣು ತುಂಬಿ ಬಂದವು. ಎಲ್ಲರೂ ಕೇಳುವಂತೆ ಹೇಳಿದ:

“ಮೊನ್ನಿ ಹುಟ್ಟಿದ ಹುಡುಗಿ! ನೋಡು ಎಷ್ಟ ಬೆಳದಾಳ. ಮೊನ್ನಿ ಇಕಿ ಹುಟ್ಟೂ ದಿನ ಸೂಲಗಿತ್ತಿನ್ನ ಕರಿಯಾಕ ಹೊಂಟಿದ್ದೆ. ಕಾರಹುಣ್ಣಿಮಿ ಮುಂದ. ನಾಕ ಹನಿ ಮಳಿ ಬಿದ್ದಿತ್ತು. ಗಾಯರಾಣದಾಗ ಎರ್ಲಡ್ಡು ನಿಂತಿತ್ತು, ಕೊಳ್ಳ ಜೋತಬಿಟ್ಟು. ನಾನೂ ನಿಂತಬಿಟ್ಟೆ. ಸೂಲಗಿತ್ತಿ ಬರೂದ್ರಾಗ ಇಕಿ ಹುಟ್ಟೇ ಬಿಟ್ಟಿದ್ದಳು!”

“ಅದಕ್ಕ ಇಕಿ ಎರ್ಲಡ್ಡುನಂಗ ಕುತಿಗಿ ಎತ್ತಿ ನಡಿತಾಳ,” ಎಂದಳು ಒಬ್ಬಳು. ಎಲ್ಲರೂ ನಕ್ಕರು. ದಾನೇಶ್ವರಿ ನಾಚಿ ಬಳೆಗಳಲ್ಲಿ ಮುಖ ಮುಚ್ಚಿಕೊಂಡಳು.

ನಾನು ಮಾತ್ರ ಅವಳ ಹೊಟ್ಟೆಯನ್ನೇ ನೋಡುತ್ತಿದ್ದೆ.

“ಅಜ್ಜಾರ,” ಎಂದೆ. “ಅವತ್ತ ಗೇಟಿನ್ಯಾಗ ಹೇಳಿದ್ರೆಲ್ಲ, ಮೊನ್ನಿ ನೋಡಿದೆ ಅಂತ. ಅದೂ ಇದೂ ಬ್ಯಾರೆ ಬ್ಯಾರೆ ಹಕ್ಕಿ ಏನು?”

“ಎಷ್ಟ ಎರ್ಲಡ್ಡು ಇರತಾವ ತಂಗಿ?” ಅಜ್ಜನಿಗೆ ಆಶ್ಚರ್ಯ. “ಅದ ಇದು. ನಾ ನೋಡಿದ್ದ ಒಂದ.”

ಮೊನ್ನೆ. ನಮ್ಮ ಮನೆಯಲ್ಲೂ ಅಜ್ಜಿ ‘ಮೊನ್ನಿ ರಜಾಕಾರರ ಗದ್ಲದಾಗ’ ಎಂದೇ ಶುರುಮಾಡುತ್ತಾಳೆ. ‘ಮೊನ್ನಿ ನಿಜಾಮ ಇದ್ದಾಗ’ ಎನ್ನುತ್ತಾಳೆ. ನಮ್ಮ ಕಾಲೊನಿಯ ಹಳಬರು ಹಿಂದಿಯಲ್ಲಿ ‘ಪರ್ಸೋಂ’ ಅಂದರೆ ಅದು ಹೋದ ವಾರವೂ ಆಗಬಹುದು, ಅವರ ಮದುವೆಯ ವರ್ಷವೂ ಆಗಬಹುದು. ಈ ಸೀಮೆಯಲ್ಲಿ ನಿನ್ನೆಗೆ ಒಂದು ಅಳತೆಯಿದೆ, ಮೊನ್ನೆಗೆ ಇಲ್ಲ. ಇದನ್ನು ಹಾಲಿನ ಜೊತೆ ಕುಡಿದವಳು ನಾನು. ಆದರೂ ಕಿವಿಗೆ ಬೇಕಾದದ್ದನ್ನು ಅಜ್ಜ ಹೇಳಿದ್ದರಿಂದ ಆ ಒಂದು ಮಾತಿನ ಮೇಲೆ ಮಾತ್ರ ನನಗೆ ಗುಮಾನಿ ಬಂದಿರಲಿಲ್ಲ.

ಯಂಕಮ್ಮ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡಳು. ಹೊರಗೆ ನೀರಿನ ಡ್ರಮ್ಮಿನ ಹತ್ತಿರ ಕರೆದುಕೊಂಡು ಹೋದಳು.

“ಅದಕ್ಕ ಹೇಳಿದ್ವಿ ಯವ್ವಾ. ಅಪ್ಪಗ ಎಲ್ಲಾನೂ ಮೊನ್ನಿ. ನಾ ಸಣ್ಣಾಕಿ ಇದ್ದಾಗ ಕುರಿ ಹಿಂದ ಹೋದ್ರ ಅದರ ತತ್ತಿ ಕಾಣಿಸ್ತಿತ್ತು, ಒಂದ ಒಂದು. ಮುಟ್ಟಬ್ಯಾಡ ಅಂತಿದ್ಳು ಅವ್ವ. ಆಮ್ಯಾಲ ಜೀಪಿನ್ಯಾಗ ಬಂದ ಹೊಡದ್ರು, ನಾಯಿ ತಿಂದ್ವು, ಏನಾತೋ. ದಾನೇಶ್ವರಿ ಹುಟ್ಟಿದ ವರ್ಷ ಅಪ್ಪ ನೋಡಿದ್ದ ಕಡೀದು. ಅದರ ಮ್ಯಾಲ ಯಾರೂ ಕಂಡಿಲ್ಲ.”

“ಹಂಗಂತ ಮೊದಲ ಹೇಳಬಹುದಿತ್ತಲ್ಲಕ್ಕಾ. ನೋಡೇ ಇಲ್ಲ ಅಂತ ಎಲ್ಲಾರೂ ಗಿಣಿಪಾಠ ಹೇಳಿದ್ರಿ.”

“ಇತ್ತು ಅಂದ್ರ, ಇತ್ತಲ್ಲ, ಹಂಗಾರ ಐತಿ ಅಂತೀರಿ. ಒಬ್ಬಾಕಿ ಹಿಂಗ ಒಬ್ಬಾಕಿ ಹಂಗ ಅಂದ್ರ ಸುಳ್ಳ ಅಂತೀರಿ. ಭೀಮಾಶಂಕರ ಎಲ್ಲಾರನ್ನೂ ಕುಂದ್ರಿಸಿ ಹೇಳಿದ, ಒಂದ ಮಾತ ಹೇಳ್ರಿ ಅಂತ. ಖರೆ ಹೇಳಾಕೂ ಪಾಠ ಮಾಡ್ಕೊಂಡ್ವಿ. ಈಗ ಆ ಪಾಠಕ್ಕೂ ಸುಳ್ಳ ಅಂತೀರಿ.” ಅವಳು ಡ್ರಮ್ಮಿನ ನೀರಲ್ಲಿ ಕೈ ಅದ್ದಿ ಮುಖ ಒರೆಸಿಕೊಂಡಳು. “ಬರ್ಕೊಂಡದ್ದ ಅಳಸ್ತೀರೇನು?”

ಸೈಟ್ ಆಫೀಸಿನಿಂದ ಅರವಿಂದ್ ಸರ್ ಮನೆಗೆ ಫೋನು ಮಾಡಿದೆ. ಅಜ್ಜ ಹಕ್ಕಿ ಕಂಡದ್ದು ಮೊಮ್ಮಗಳು ಹುಟ್ಟಿದ ವರ್ಷ ಎಂದೆ. ಅವರು ಕೇಳಿದರು, “ಆ ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದಾನಾ?”

“ಇಲ್ಲ ಸರ್.”

“ಹೆದರಿಸಿದನಾ? ಊಟಕ್ಕೆ ಕರೆದು ಅಳಿಸಿ ಅ‍ಂದರಾ? ನೋಡಿ, ‘ಇತ್ತು’ ಅಂತ ಬರೆಯೋದು ಬಹಳ ಸುಲಭ. ಒಂದು ಸಲ ಬರೆದರೆ ಮುಗೀತು, ಆಮೇಲೆ ಯಾರೂ ಹುಡುಕೋಕೂ ಹೋಗಲ್ಲ. ಅಲ್ಲೇ ಇರಿ, ನಾನೇ ಬರ್ತೀನಿ.”

ಬಿಸಿಲು ಇಳಿಯುವ ಹೊತ್ತಿಗೆ ಸ್ಕೂಟರಿನಲ್ಲಿ ಬಂದರು. ಮರುದಿನದ ಸಭೆಗೆಂದು ನಕ್ಷೆಯನ್ನು ಸುತ್ತಿ, ಉದ್ದನೆಯ ಕೊಳವೆಯಲ್ಲಿಟ್ಟು ಬೆನ್ನಿಗೆ ಹಾಕಿಕೊಂಡಿದ್ದರು. ಶೆಡ್ಡಿನವರು ಒಬ್ಬರ ಹಿಂದೊಬ್ಬರು ಎದ್ದು ನಿಂತರು. “ಬಂದೂಕೇನ್ರೀ ಅದು?” ಎಂದು ಯಾರೋ ಪಿಸುಗುಟ್ಟಿದರು. ಭೀಮಾಶಂಕರ ಹಗ್ಗ ಹಿಡಿದುಕೊಂಡೇ ಹತ್ತಿರ ಬಂದ.

ಸರ್ ಯಾರನ್ನೂ ನೋಡದೆ ಸೀದಾ ಹಿಂದಿನ ಗೇಟಿಗೆ ನಡೆದು ಲಿಂಗಣ್ಣಜ್ಜನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

“ಅಜ್ಜಾ, ಎರ್ಲಡ್ಡು ಯಾವಾಗ ನೋಡಿದ್ದು?”

“ಮೊನ್ನಿರೀ ಸಾಹೇಬ.”

“ಮೊನ್ನೆ ಅಂದರೆ? ಇಲ್ಲಿಗೆ ಕೆಲಸಕ್ಕೆ ಬಂದ ಮೇಲೋ, ಮುಂಚೆಯೋ?”

ಅಜ್ಜ ಯೋಚಿಸಿದ. “ಇಲ್ಲಿಗೆ ಬಂದದ್ದ?” ಕತ್ತೆತ್ತಿ ಕಟ್ಟಡವನ್ನು ಬುಡದಿಂದ ತುದಿಯವರೆಗೆ ನೋಡಿದ. ಅದರ ಬುನಾದಿ ತೋಡುವಾಗ ಬಂದವನು ಅವನು. ಹೆಚ್ಚೆಂದರೆ ಎರಡು ಮಳೆಗಾಲ ಕಳೆದಿರಬೇಕು. “ಇಲ್ಲಿಗೆ ಬಂದು ಭಾಳ ದಿನಾ ಆತ್ರೀ. ಭಾಳ ಅಂದ್ರ ಭಾಳ. ಹಕ್ಕಿ ನೋಡಿದ್ದ ಮೊನ್ನಿ.”

ಸರ್ ಮತ್ತೆ ಯಾವಾಗ ಎಂದು ಕೇಳಲಿಲ್ಲ. “ಅದು ಹ್ಞೂಂ ಅಂದಾಗ ಹೇಗಿತ್ತು?” ಎಂದು ಮಾತ್ರ ಕೇಳಿದರು. ಅಜ್ಜ ಎದ್ದು ಕುಣಿದು ತೋರಿಸಿದ. ಭೀಮಾಶಂಕರನೂ ಹಗ್ಗ ಬಿಟ್ಟು ನೋಡುತ್ತ ನಿಂತ.

ಕೊಳವೆಯಿಂದ ನಕ್ಷೆಯನ್ನು ಹೊರತೆಗೆದು, ಸ್ಕೂಟರಿನ ಸೀಟಿನ ಮೇಲೆ ಹರವಿ, ಸರ್ ಉಗುರಿನಿಂದ ಕೆಂಪು ಸ್ಟಿಕ್ಕರನ್ನು ಕೆರೆದು ತೆಗೆದರು. ಅಂಟು ಉಳಿಯಿತು. ಅದರ ಸುತ್ತ ಪೆನ್ನಿನಿಂದ ಉಂಗುರ ಬರೆದು, “ನಾಳೆ ಬೇಗ ಬನ್ನಿ,” ಎಂದು ನನಗೆ ಹೇಳಿ ಹೊರಟುಹೋದರು. ಹಿಂದಿರುಗಿ ನೋಡಲಿಲ್ಲ.

ನನಗೆ ಅಳು ಬಂದಿತ್ತು. ಆದರೂ ಒಂದು ಒಳ್ಳೆಯ ಸುದ್ದಿಯನ್ನಾದರೂ ಹೇಳಬಹುದಲ್ಲ ಎಂದು ಯಂಕಮ್ಮನನ್ನು ಹುಡುಕಿಕೊಂಡು ಹೋದೆ. ಅವಳು ಕುಬಸದ ಪಾತ್ರೆಗಳನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಳು.

“ಯಂಕಮ್ಮಕ್ಕಾ, ಅಳಿಸಿದ್ರು. ಹಕ್ಕಿ ಇಲ್ಲ ಅಂತ ಬರದಾತು. ಇನ್ನ ಬೇಲಿ ಬರೂದಿಲ್ಲ.”

ಅವಳ ಕೈ ನಿಂತಿತು. “ಇಲ್ಲ ಅಂತ ಬರದ್ರಿ?”

“ಹೂಂ.”

“ಗಾಯರಾಣದಾಗ ಏನೂ ಇಲ್ಲ ಅಂತ?”

“ಎರ್ಲಡ್ಡು ಇಲ್ಲ ಅಂತ.”

“ಎರಡೂ ಒಂದ ಆತಲ್ಲರೀ ಮೇಡಮ್ಮಾರ.” ಯವ್ವಾ ಹೋಗಿ ಮತ್ತೆ ಮೇಡಮ್ಮಾರ ಬಂದಿತ್ತು. ಬೂದಿಗೈಯಿಂದಲೇ ಮುಂಗುರುಳನ್ನು ಸರಿಸಿ ಗಾಜಿನ ಕಟ್ಟಡದ ಕಡೆ ಗದ್ದ ಎತ್ತಿ ತೋರಿಸಿದಳು. ಸಂಜೆಯ ಆಕಾಶ ಅದರ ಮೈಮೇಲೆಲ್ಲ ಹರಡಿತ್ತು. “ಇಲ್ಲೂ ಮೊದಲ ಯಾರೋ ಬಂದು ಏನೂ ಇಲ್ಲ, ಬರೇ ಕಲ್ಲು ಅಂತನ ಬರ್ಕೊಂಡ ಹೋಗಿರಬೇಕು. ಐತಿ ಅಂದ್ರ ಬೇಲಿಯವರು ಬರತಾರ. ಇಲ್ಲ ಅಂದ್ರ ಖಾಲಿ ಜಾಗಾ ಐತಿ ಅಂತ ಇವರು ಬರತಾರ. ನೀವು ಯಾರಿಗಂತ ಬರದೀರಿ, ಹೇಳಿಬಿಡ್ರಿ.”

“ಯಾರಿಗೂ ಅಲ್ಲಕ್ಕಾ. ಆಣಿಗೂ.”

ಅವಳು ನನ್ನ ಮುಖವನ್ನು ಹುಡುಕಿದಳು; ತತ್ತಿ ಹುಡುಕುವ ಹಾಗೆ, ಕಾಲಿಡದೆ, ದೂರದಿಂದ. ನಂಬಬೇಕೆಂದು ಅವಳಿಗೂ ಇತ್ತು ಅನ್ನಿಸಿತು.

“ಹಂಗಾರ ನಾ ಏನ ಬರೀಬೇಕು? ನೀವ ಹೇಳ್ರಿ,” ಎಂದೆ. “ನಾಳಿ ಸಭಾ ಐತಿ. ನೀವು ಹೇಳಿದ್ದನ್ನ ನಾ ಎದ್ದ ನಿಂತು ಹೇಳ್ತೀನಿ.”

ಯಂಕಮ್ಮ ಬೋಗುಣಿಯನ್ನು ನೀರಲ್ಲಿ ಅದ್ದಿ ಎತ್ತಿದಳು.

“ಕುರಿ ಅದಾವ ಅಂತ ಹೇಳ್ರಿ.”

ಅದು ನನಗೆ ಹೊಳೆದೇ ಇರಲಿಲ್ಲ. ನಕ್ಷೆಯಲ್ಲಿ ಕುರಿಗೆ ಬಣ್ಣವಿರಲಿಲ್ಲ. ಆದರೂ ಹೇಳಬಹುದು, ಉಂಗುರದೊಳಗೆ ಖಾಲಿಯಿಲ್ಲ, ಅಲ್ಲಿ ಕುರಿಗಳಿವೆ, ಅವನ್ನು ಕಾಯುವ ಮುದುಕರಿದ್ದಾರೆ ಎಂದು. ಎಲ್ಲ ರಾಜ್ಯದವರ ಮುಂದೆ ಹಾಗೆ ಹೇಳಿದರೆ ಅರವಿಂದ್ ಸರ್ ಸಿಟ್ಟಾಗಬಹುದು, ಅಷ್ಟೇ ತಾನೆ. ನಾನು ಚೀಲದಿಂದ ಪೆನ್ನು ತೆಗೆದೆ.

“ಹೇಳ್ತೀನಿ. ಎಷ್ಟ ಕುರಿ ಅದಾವಕ್ಕಾ?”

ಯಂಕಮ್ಮನ ಕಣ್ಣು ಸಣ್ಣಗಾದವು. ಬೋಗುಣಿಯನ್ನು ಕೆಳಗಿಟ್ಟಳು.

“ಎಷ್ಟ ಅಂತ ಯಾಕ ಕೇಳಾಕತ್ತೀರಿ?”